ನಾಲ್ಕು ಬೆರಳಿನ ಅಂಚು

ಗಾಡಿಗಳ ಸೀಟು ಹೊಲಿಯುವ ಹಣಮಪ್ಪನಿಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಅವರು ಕೂತ ಸೀಟು ನೆನಪಿರುತ್ತಿತ್ತು. ಎಡಕ್ಕೆ ವಾಲಿ ಕೂರುವವನು, ಹಿಂದಿನ ಜೇಬಿನಲ್ಲಿ ದಪ್ಪ ಪರ್ಸಿಟ್ಟುಕೊಂಡು ರೆಕ್ಸಿನ್ ಹರಿಯುವವನು, ಸ್ಕೂಟರಿನ ಮೇಲೆ ಮುಂದಕ್ಕೆ ಸರಿದು ಸರಿದು ಹೆಂಡತಿಗೆ ಜಾಗ ಬಿಡುವ ಪಾಪದವನು, ಹೀಗೆ. ಒಮ್ಮೆ ಬ್ಯಾಂಕಿನ ಮ್ಯಾನೇಜರೊಬ್ಬರು ಎದುರು ಬಂದು ನಿಂತು ನಕ್ಕರೆ ಇವನಿಗೆ ಗುರುತೇ ಸಿಗಲಿಲ್ಲ. ಅವರು ಬೇಸರದಿಂದ ತಿರುಗಿ ಸ್ಕೂಟರ್ ಹತ್ತಿ ಕೂತ ಮೇಲೆ, "ಓಹೋ, ನೀವೇನ್ರೀ ಸಾಹೇಬ್ರ! ನಡಬರಕ ಹರದಿತ್ತಲ್ರಿ ನಿಮ್ದು!" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ. ಮ್ಯಾನೇಜರು ಮತ್ತೆ ಆ ಕಡೆ ಬರಲಿಲ್ಲ.

ಅವನು ಬಾಗಲಕೋಟೆ ಕಡೆಯವನು. ಎಂಬತ್ತೊಂಬತ್ತರಲ್ಲಿ ಹೆಂಡತಿ ತಂಗೆವ್ವನನ್ನೂ ಒಂದು ಹೊಲಿಗೆ ಮಿಷನ್ನನ್ನೂ ಒಂದು ಕರಿ ಕಂಬಳಿಯನ್ನೂ ಕಟ್ಟಿಕೊಂಡು ಬೆಂಗಳೂರಿಗೆ ಬಂದ. ಬಿ.ಟಿ.ಎಂ. ಲೇಔಟಿನಲ್ಲಿ ಒಂದೂವರೆ ರೂಮಿನ ಬಾಡಿಗೆ ಮನೆ. ತಂಗೆವ್ವ ಬೆಳಿಗ್ಗೆ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವರು, "ಆಂಟಿ, ಮೇಲೆ ಏನ್ ಗೋಡೆ ಒಡೀತಿದೀರಾ?" ಎಂದು ಕೇಳುತ್ತಿದ್ದರು. ಮೊದಲ ವರ್ಷ ಜಗಳ, ಎರಡನೇ ವರ್ಷ ಮುನಿಸು, ಮೂರನೇ ವರ್ಷಕ್ಕೆ ಅದೇ ಕೆಳಗಿನ ಮನೆಯವರು ತಟ್ಟೆ ಹಿಡಿದುಕೊಂಡು ಮೇಲೆ ಬಂದು, ಬಿಸಿ ರೊಟ್ಟಿಗೆ ಎಣ್ಣೆಗಾಯಿ ಹಚ್ಚಿಕೊಂಡು ಹೋಗತೊಡಗಿದರು. ಇರಲಿ, ರೊಟ್ಟಿಯ ಕಥೆ ಹೇಳುತ್ತ ಕೂತರೆ ಕಾರು ಬರುವುದೇ ಇಲ್ಲ.

ಹಣಮಪ್ಪನ ಅಂಗಡಿ ಇದ್ದದ್ದು ಜೆ.ಪಿ. ನಗರದ ಸಾರಕ್ಕಿಯಲ್ಲಿ, ತಿಮ್ಮರಾಯಪ್ಪನ ಮನೆಯ ಮುಂದಿನ ಶೀಟ್ ಹೊದಿಸಿದ ಶೆಡ್ಡಿನಲ್ಲಿ. ಅದರ ಹೆಸರು ಶ್ರೀ ಸಿದ್ಧಾರೂಢ ಕುಶನ್ ವರ್ಕ್ಸ್. ಆಟೋ ಹುಡ್ಡು, ಸ್ಕೂಟರ್ ಸೀಟು, ಅಂಬಾಸಿಡರಿನ ಬೆಂಚು ಎಲ್ಲ ಅಲ್ಲೇ. ಕತ್ತರಿಸುವ ಕೆಲಸವಿದ್ದಾಗ ನೆಲಕ್ಕೆ ಆ ಕರಿ ಕಂಬಳಿ ಹಾಸಿ, ಅದರ ಮೇಲೆ ಮಂಡಿಯೂರಿ ಕೂರುತ್ತಿದ್ದ. ಕತ್ತರಿಸಿ ಉಳಿದ ಚೂರು ಬಟ್ಟೆಯೆಲ್ಲ ತಂಗೆವ್ವನ ಪಾಲು. ಅವಳು ಅದನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಅಂಗಡಿಯ ಹಿಂಭಾಗದಲ್ಲಿ ಕಾಲು ಚಾಚಿ ಕೂತು, ಇಡೀ ಸಾರಕ್ಕಿಯ ಸುದ್ದಿ ಕೇಳಿಕೊಳ್ಳುತ್ತ, ಸಣ್ಣ ಸಣ್ಣ ಹೊಲಿಗೆ.

ಇನ್ನು ಶೆಡ್ಡಿನ ಯಜಮಾನ ತಿಮ್ಮರಾಯಪ್ಪ. ಅವನಪ್ಪನ ಕಾಲಕ್ಕೆ ಅಲ್ಲೆಲ್ಲ ರಾಗಿ, ಹುರುಳಿ, ಕೆರೆಯ ಪಕ್ಕ ಸೊಪ್ಪು. ಹೊಲವಿದ್ದಲ್ಲಿ ರಸ್ತೆ ಬಂತು, ರಸ್ತೆಯ ಪಕ್ಕ ಸೈಟುಗಳಾದವು, ಸೈಟುಗಳು ಹೋದವು, ತಿಮ್ಮರಾಯಪ್ಪನ ಕತ್ತಿನಲ್ಲಿ ಸರ ಬಂತು. ಒಳ್ಳೆಯ ಮನುಷ್ಯ. ಮಾತು ಕೊಟ್ಟರೆ ತಪ್ಪುತ್ತಿರಲಿಲ್ಲ, ಆದರೆ ಮಾತು ಕೊಡುವ ಮೊದಲು ಯೋಚಿಸುತ್ತಲೂ ಇರಲಿಲ್ಲ. ಎರಡು ಸಾವಿರದ ನಾಲ್ಕರಲ್ಲಿ ಒಂದು ದಿನ ಅಂಜನಾಪುರದ ಸೈಟೊಂದನ್ನು ಬಿಟ್ಟುಕೊಟ್ಟು, ಬದಲಿಗೆ ಒಂದು ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದ.

ಇಂಗ್ಲೆಂಡಿನ ಕಾರು. ಅರವತ್ತರ ದಶಕದ್ದು. ಹಸಿರು ಬಣ್ಣ, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ತಿಮ್ಮರಾಯಪ್ಪನ ಹೆಂಡತಿ ಮರಿಯಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದವಳು ಗೇಟಿನಲ್ಲೇ ನಿಂತಳು.

"ಏನೂಂದ್ರೆ, ಮುಚ್ಚಳ ಎಲ್ಲಿ?"

"ಇದಕ್ಕೆ ಮುಚ್ಚಳ ಇರಲ್ಲ ಕಣೇ. ಸ್ಪೋರ್ಟ್ಸ್ ಕಾರು."

"ಸೈಟಿಗೆ ಕಾಂಪೌಂಡ್ ಆದ್ರೂ ಇತ್ತಲ್ರೀ!" ಎಂದಳು ಮರಿಯಮ್ಮ. ಮನೆಯಲ್ಲಿ ಆರು ಜನ, ಕಾರಿನಲ್ಲಿ ಎರಡು ಸೀಟು. ತಿಮ್ಮರಾಯಪ್ಪ ಒಳಗೆ ಇಳಿದು ಕೂತರೆ ಸ್ಟೇರಿಂಗು ಹೊಟ್ಟೆಗೆ ಒತ್ತಿ, ಅವನು ಉಸಿರೆಳೆದಾಗಲೆಲ್ಲ ಹಾರನ್ ಹೊಡೆಯುತ್ತಿತ್ತು.

ಆದರೆ ಅವನ ಕಣ್ಣಿದ್ದದ್ದು ಬೇರೆ ಕಡೆ. ನವೆಂಬರಿನಲ್ಲಿ ಜಯನಗರದ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಅಲ್ಲಿ ಕಪ್ಪು ಕನ್ನಡಕದ, ಇಂಗ್ಲಿಷ್ ಮಾತಾಡುವ, ತಾತನ ಕಾಲದಿಂದ ಕಾರಿಟ್ಟುಕೊಂಡ ಜನ ಬಂದು ಪ್ರೈಜು ಹೊಡೆದುಕೊಂಡು ಹೋಗುತ್ತಿದ್ದರು. ಸೈಟಿನ ವಿಷಯದಲ್ಲಿ ಅವರೆಲ್ಲ ತಿಮ್ಮರಾಯಪ್ಪನ ಮುಂದೆ ಕೈಕಟ್ಟಿ ನಿಂತವರೇ. ಅಂಥವರ ನಡುವೆ ತನಗೊಂದು ಪ್ರೈಜಿನ ಕಪ್ಪು ಬರಬೇಕು, ಟಿ.ವಿ. ಮೇಲೆ ಇಡಬೇಕು, ಇಷ್ಟೇ ಆಸೆ.

ಅದೇ ವಾರ ಇನ್ನೊಂದು ಸುದ್ದಿಯೂ ಬಂತು. ಶೆಡ್ಡು ಕೆಡವಿ ಮೂರು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುವುದೆಂದು ತೀರ್ಮಾನವಾಗಿತ್ತು. ಕೆಳಗಿನ ಮುಂಭಾಗದ ಮಳಿಗೆಗೆ ಒಬ್ಬ ಮೊಬೈಲ್ ಅಂಗಡಿಯವನು ಆಗಲೇ ದಿನಾ ಬಂದು ತಿಮ್ಮರಾಯಪ್ಪನಿಗೆ ಎಳನೀರು ಕುಡಿಸುತ್ತಿದ್ದ. ಹಣಮಪ್ಪ ಹದಿನೈದು ವರ್ಷ ಕೂತ ಜಾಗ. ಐವತ್ತು ದಾಟಿದ ವಯಸ್ಸಿನಲ್ಲಿ ಗೊಟ್ಟಿಗೆರೆಯಾಚೆ ಎಲ್ಲೋ ಹೋಗಿ ಅಂಗಡಿ ತೆರೆದರೆ, ಇವನಿಗೆ ಮುಖವೇ ನೆನಪಿರದ ಗಿರಾಕಿಗಳು ಇವನ ಮುಖ ನೆನಪಿಟ್ಟುಕೊಂಡು ಅಷ್ಟು ದೂರ ಬರುತ್ತಾರೆಯೇ?

"ಸಾವ್ಕಾರ್ರ, ನನ್ನ ಗತಿ ಏನ್ರೀ?" ಎಂದು ಕೇಳಿದ.

ತಿಮ್ಮರಾಯಪ್ಪ ಕಾರಿನ ನೆಲದ ಕಡೆ ಬೆರಳು ತೋರಿಸಿದ. ಅಲ್ಲಿದ್ದ ಕಾರ್ಪೆಟ್ಟು ಕೊಳೆತು, ಒಳಗೆ ಹೆಗ್ಗಣ ಮನೆ ಮಾಡಿ, ವಾಸನೆ ಬನಶಂಕರಿಯವರೆಗೂ ಹೋಗುತ್ತಿತ್ತು.

"ನೋಡಪ್ಪ ಹಣಮಪ್ಪ, ಇಂಜಿನ್ನು, ಪೇಂಟು ಬೇರೆಯವರು ನೋಡ್ಕೋತಾರೆ. ಈ ಕಾರ್ಪೆಟ್ ನೀನು ಹಾಕ್ಕೊಡು. ಪ್ರೈಜ್ ಬಂತೋ, ಮುಂದಿನ ಮಳಿಗೆ ನಿಂದು. ಬರ್ಲಿಲ್ವೋ, ಮೊಬೈಲ್‌ನವನದು. ಆಮೇಲೆ ನನ್ನ ಬಯ್ಕೋಬೇಡ."

"ಆತ್ರೀ," ಎಂದ ಹಣಮಪ್ಪ. ಬೇರೆ ಏನು ಅನ್ನುವುದಿತ್ತು?

ಆಗ ಎದ್ದವನು ತಿಮ್ಮರಾಯಪ್ಪನ ಮಗ ಮನೋಜ್. ಸೈಬರ್ ಸೆಂಟರಿಗೆ ಹೋಗಿ ಆ ಕಾರಿನ ಬಗ್ಗೆ ನಲವತ್ತು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದಿದ್ದ. "ಅಂಕಲ್, ಒಂದೇ ಮಾತು. ಒರಿಜಿನಲ್! ಎಲ್ಲಾ ಒರಿಜಿನಲ್ ಇರ್ಬೇಕು. ಮರೂನ್ ಕಲರ್, ಪ್ಯೂರ್ ವುಲ್. ಮುಂಬೈಯಿಂದ ಬರ್ತಿದೆ ಕಾರ್ಪೆಟ್. ಇಡೀ ದೇಶದಲ್ಲಿ ಅದೊಂದೇ ರೋಲ್ ಇದ್ದಿದ್ದು. ಒಂದಿಂಚೂ ವೇಸ್ಟ್ ಆಗ್ಬಾರ್ದು."

ಆ ಹುಡುಗನ ಬೈಕಿನಲ್ಲಿ ಕಂಪನಿಯದೆಂದು ಉಳಿದಿದ್ದದ್ದು ನಂಬರ್ ಪ್ಲೇಟಿನ ಸ್ಕ್ರೂಗಳು ಮಾತ್ರ. ಆದರೂ ಒರಿಜಿನಲ್ ಎಂಬ ಮಾತು ಅವನ ಬಾಯಲ್ಲಿ ಮಂತ್ರದ ಹಾಗೆ ಬರುತ್ತಿತ್ತು.

ಹಣಮಪ್ಪನ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹಳೆಯದನ್ನು ಎಷ್ಟೇ ಹೊಲಸಾಗಿದ್ದರೂ ಎಸೆಯಬಾರದು. ಹುಷಾರಾಗಿ ಬಿಡಿಸಿ, ತುಂಡು ತುಂಡಿಗೂ ಗುರುತು ಹಾಕಿ, ಹೊಸದರ ಮೇಲೆ ಅದನ್ನೇ ಹರಡಿ, ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದು ಕತ್ತರಿಸಬೇಕು. ಹಳೆಯದೇ ಅಳತೆ. ಅದೇ ಪ್ರಕಾರ ಅವನು ಎರಡು ದಿನ ಕಾರಿನೊಳಗೆ ತಲೆ ಕೆಳಗು ಕಾಲು ಮೇಲಾಗಿ ಕೂತು ಹಳೆಯ ಕಾರ್ಪೆಟ್ಟು ಎಬ್ಬಿಸಿದ. ಕಾಲಿಡುವ ಎರಡು ಗುಂಡಿಯದು, ನಡುವೆ ಗೇರ್ ಬಾಕ್ಸಿನ ಉಬ್ಬಿನದು, ಬಾಗಿಲ ಹೊಸ್ತಿಲದು, ಸೀಟಿನ ಹಿಂದಿನ ಗೋಡೆಯದು, ಒಟ್ಟು ಒಂಬತ್ತು ತುಂಡು. ಒಳಗಿಂದ ಎರಡು ಹೇರ್‌ಪಿನ್ನು, ಒಂದು ಇಂಗ್ಲಿಷ್ ಕಾಸು, ಯಾರದೋ ಕಟ್ಟಿಸಿದ ಹಲ್ಲು ಸಿಕ್ಕವು. ಹಲ್ಲನ್ನು ಮನೋಜ್ ಕಾಗದದಲ್ಲಿ ಕಟ್ಟಿಟ್ಟುಕೊಂಡ, ಅದೂ ಒರಿಜಿನಲ್ ಇರಬಹುದೆಂದು.

ಕಾರ್ಪೆಟ್ಟಿನ ಕೆಳಗಿನ ತಗಡೂ ತುಕ್ಕು ಹಿಡಿದು ಜರಡಿಯಾಗಿತ್ತು. ಅದಕ್ಕೆ ಹೊಸ ತಗಡು ಹಾಕಿಸಲು ಕಾರನ್ನು ಬನಶಂಕರಿಯ ಟಿಂಕರಿಂಗ್ ಯಲ್ಲಯ್ಯನ ಗ್ಯಾರೇಜಿಗೆ ಸಾಗಿಸಿದರು. ಒಂಬತ್ತು ತುಂಡುಗಳನ್ನು ಹಣಮಪ್ಪ ತಿಮ್ಮರಾಯಪ್ಪನ ಹಿತ್ತಲಲ್ಲಿ ಬಿಸಿಲಿಗೆ ಹರವಿ, ಮುಂಬೈಯಿಂದ ರೋಲು ಬರುವುದನ್ನು ಕಾಯುತ್ತ ಕೂತ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಆಯುಧಪೂಜೆಯ ಹಿಂದಿನ ದಿನ ಆ ಕಡೆ ಯಾವ ವಸ್ತುವೂ ಒಣಗಿ ಉಳಿಯುವುದಿಲ್ಲ. ಮಚ್ಚು, ಕುಡುಗೋಲು, ಒನಕೆ, ಸೈಕಲ್ಲು, ಟೇಬಲ್ ಫ್ಯಾನು, ಎಲ್ಲಕ್ಕೂ ಸ್ನಾನವೇ. ಒಂದು ವರ್ಷ ಮರಿಯಮ್ಮ ರೇಡಿಯೋಗೂ ಒಂದು ತಂಬಿಗೆ ಹಾಕಿದ್ದಳು. ಅಂಥವಳ ಕಣ್ಣಿಗೆ ಹಿತ್ತಲಲ್ಲಿ ಗಬ್ಬು ನಾರುತ್ತಿದ್ದ ಒಂಬತ್ತು ತುಂಡುಗಳು ಬಿದ್ದರೆ ಬಿಡುತ್ತಾಳೆಯೇ? ಹಣಮಪ್ಪ ಹಬ್ಬಕ್ಕೆಂದು ಆ ದಿನ ಅಂಗಡಿ ಮುಚ್ಚಿದ್ದ. ಬಚ್ಚಲ ಹಂಡೆಯಲ್ಲಿ ಸೋಡಾ ಹಾಕಿ ಕುದಿಸಿ, ಒಗೆಯುವ ಕಲ್ಲಿನ ಮೇಲೆ ಬಡಿದು, ಮತ್ತೆ ಕುದಿಸಿ, ಮತ್ತೆ ಬಡಿದು, ಹಿಂಡಿ ತಂತಿಯ ಮೇಲೆ ಹಾಕಿದಳು. ಪಾಪದ ಮನುಷ್ಯ, ಹಬ್ಬದ ದಿನವೂ ಈ ಹೊಲಸು ಮುಟ್ಟಬೇಕಲ್ಲ ಎಂಬ ಕರುಣೆ, ಬೇರೇನಿಲ್ಲ. ಒಣಗಿದ ಮೇಲೆ ನೀಟಾಗಿ ಮಡಿಸಿ ಶೆಡ್ಡಿನ ಬೆಂಚಿನ ಮೇಲಿಟ್ಟಳು.

ಹಬ್ಬ ಕಳೆದು ಹಣಮಪ್ಪ ಬಂದು ನೋಡಿದರೆ ತುಂಡುಗಳು ಘಮಘಮ! ಮೂರು ದಿನದ ಬಿಸಿಲಿಗೆ ವಾಸನೆ ಹೋಗಿದೆ ಎಂದುಕೊಂಡ. ನೀರು ಕಂಡಿದೆ ಎಂದು ಅವನ ಕೈಗೆ ತಿಳಿಯಬೇಕಿತ್ತು, ಆದರೆ ಆ ದಿನ ಬೆಳಿಗ್ಗೆ ಮುಂಬೈಯ ರೋಲು ಬಂದಿತ್ತು. ಅಂಥ ಮರೂನ್ ಬಣ್ಣದ ಉಣ್ಣೆಯನ್ನು ಅವನು ಹುಟ್ಟಿದಂದಿನಿಂದ ನೋಡಿರಲಿಲ್ಲ. ಅಂಗೈಯಲ್ಲಿ ಸವರಿ ಸವರಿ ನೋಡಿದ. ಕಂಬಳಿಯ ಮೇಲೆ ಹರಡಿ, ಹಳೆಯ ತುಂಡುಗಳನ್ನಿಟ್ಟು, ಗೆರೆ ಎಳೆದು, ಉಸಿರು ಬಿಗಿಹಿಡಿದು ಒಂಬತ್ತೂ ಕತ್ತರಿಸಿದ. ಒಂದಿಂಚೂ ವೇಸ್ಟಾಗದ ಹಾಗೆ ಹತ್ತಿರ ಹತ್ತಿರ ಇಟ್ಟು ಕತ್ತರಿಸಿದ. ಕೊನೆಗೆ ಉಳಿದದ್ದು ಒಂದು ಮುಷ್ಟಿ ಚೂರು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಎರಡು ಗ್ಲಾಸು ಟೀ ಕುಡಿದ.

ಪ್ರದರ್ಶನಕ್ಕೆ ಎರಡೇ ದಿನ ಇರುವಾಗ ಯಲ್ಲಯ್ಯ ಕಾರು ತಂದುಬಿಟ್ಟ. ಹೊಸ ತಗಡು, ಹೊಸ ಪೇಂಟು. ಹಣಮಪ್ಪ ದೇವರಿಗೆ ಕೈಮುಗಿದು ಮೊದಲ ತುಂಡನ್ನು ಡ್ರೈವರ್ ಕಡೆಯ ಗುಂಡಿಗೆ ಇಳಿಸಿದ. ಸುತ್ತ ಹಸಿರು ತಗಡು ಕಂಡಿತು. ಎಳೆದ. ಈ ಕಡೆ ಎಳೆದರೆ ಆ ಕಡೆ ಕಂಡಿತು. ಎರಡನೆಯದು, ಮೂರನೆಯದು, ಎಲ್ಲದರದೂ ಅದೇ ಹಾಡು. ಒಂದು ಕಡೆ ಎರಡು ಬೆರಳು, ಇನ್ನೊಂದು ಕಡೆ ಮೂರು ಬೆರಳು, ಒಂಬತ್ತೂ ತುಂಡು ಕಡಿಮೆ. ದೊಡ್ಡ ಹುಡುಗನಿಗೆ ತಮ್ಮನ ಚಡ್ಡಿ ಹಾಕಿದ ಹಾಗೆ.

ಅವನು ಕಾರಿನೊಳಗೇ ಕುಸಿದು ಕೂತ. ಮೂವತ್ತು ವರ್ಷ ಕತ್ತರಿ ಹಿಡಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕಣ್ಣು ಮೋಸ ಮಾಡಿತೇ, ಚಾಕ್‌ಪೀಸು ಜಾರಿತೇ? ಕಾಂಪ್ಲೆಕ್ಸಿನ ಮುಂದಿನ ಮಳಿಗೆಯಲ್ಲಿ ಮೊಬೈಲ್ ಅಂಗಡಿಯವನು ಬಲ್ಬಿನ ಸರ ಹಾಕಿ ಕೂತದ್ದು ಕಣ್ಣಿಗೇ ಕಟ್ಟಿತು.

ಆಗ ಮರಿಯಮ್ಮ ಕಾಫಿ ತಂದಳು. "ಯಾಕಣ್ಣ ಹಿಂಗ್ ಕೂತಿದೀಯಾ? ನಾನು ಒಗೆದುಕೊಟ್ಟಿದ್ದು ಅನುಕೂಲ ಆಯ್ತು ತಾನೆ? ಎರಡು ಸಲ ಸೋಡಾ ಹಾಕಿ ಬೇಯಿಸ್ದೆ ಕಣಪ್ಪ. ನೀರು ಹೆಂಗ್ ಬಿಡ್ತು ಅಂತೀಯಾ, ಕಾಫಿ ಡಿಕಾಕ್ಷನ್ ಹಂಗೆ!"

ಹಣಮಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಉಣ್ಣೆಯನ್ನು ಎರಡು ಸಲ ಕುದಿಸಿದರೆ ಎಷ್ಟು ಕುಗ್ಗುತ್ತದೆ ಎಂದು ಕುರಿಯನ್ನು ಕೇಳಿದರೂ ಹೇಳೀತು. ಅವಳ ಮುಖ ನೋಡಿದ. ಹಬ್ಬದ ದಿನ ಇಷ್ಟು ದೊಡ್ಡ ಉಪಕಾರ ಮಾಡಿ, ಒಂದು ಒಳ್ಳೆಯ ಮಾತಿಗಾಗಿ ಕಾಯುತ್ತ ನಿಂತಿದ್ದಳು. ಹದಿನೈದು ವರ್ಷ ಅವಳು ಕೊಟ್ಟ ಕಾಫಿ, ಅವರೆಕಾಯಿ ಸಾರು, ತಂಗೆವ್ವನ ಜ್ವರಕ್ಕೆ ಮಾಡಿಕೊಟ್ಟ ಕಷಾಯ ಎಲ್ಲ ನೆನಪಾಯಿತು.

"ಭಾಳ ಛಲೋ ಒಗದೀರಿ ಅಕ್ಕಾರ," ಎಂದ.

ಮರಿಯಮ್ಮ ಹಿಗ್ಗಿ ಒಳಗೆ ಹೋದಳು. ಹಿಂದೆ ಕೂತಿದ್ದ ತಂಗೆವ್ವ ಎಲ್ಲ ಕೇಳಿಸಿಕೊಂಡಿದ್ದಳು. ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದು ಕಾರಿನೊಳಗೆ ಬಗ್ಗಿ ನೋಡಿದಳು.

"ಈಗೇನ್ ಮಾಡವ್ರು?"

"ಏನ್ ಮಾಡೂದೈತಿ? ಸಾವ್ಕಾರ್ರಿಗೆ ಹೇಳಿದ್ರ ಆ ತಾಯಿ ಮ್ಯಾಲೆ ಹಾರಾಡ್ತಾರ. ಹೇಳದಿದ್ರ ನನಗ ಕತ್ತರಿ ಹಿಡ್ಯಾಕ ಬರೂದಿಲ್ಲ ಅಂತಾರ. ಮತ್ತ ಇಂಥ ಅರಿವಿ ದೇಶದಾಗಿಲ್ಲ."

"ಕೌದಿ ಕಡಿಮಿ ಬಿದ್ರ ನಾವೇನ್ ಕೌದಿ ಒಗೀತೀವೇನು? ಸುತ್ತ ಅಂಚು ಹಚ್ಚತೀವಿ."

"ಯಾವ ಅರಿವಿ ಹಚ್ಚತಿ? ಇದು ಉಣ್ಣಿ."

ತಂಗೆವ್ವ ಅವನ ಕಾಲ ಕೆಳಗೆ ನೋಡಿದಳು. ಹದಿನೈದು ವರ್ಷ ಅವನ ಮಂಡಿಯ ಭಾರ ಹೊತ್ತ ಕರಿ ಕಂಬಳಿ ಅಲ್ಲೇ ಹಾಸಿತ್ತು. ಊರ ಕುರಿಯ ಉಣ್ಣೆ, ಮಳೆಗೆ ಜಗ್ಗದ್ದು, ಕತ್ತರಿಯೂ ಒಂದು ಸಲಕ್ಕೆ ಒಪ್ಪದಂಥದ್ದು.

"ಏಳ್ರಿ ಮ್ಯಾಲೆ," ಎಂದಳು.

ಅವಳು ಸ್ಕೇಲು ಟೇಪು ಮುಟ್ಟಲಿಲ್ಲ. ಕೌದಿಗೆ ಅಂಚಿಡುವಾಗ ಅವಳ ಅಳತೆ ಒಂದೇ, ಬಲಗೈಯ ನಾಲ್ಕು ಬೆರಳು ಜೋಡಿಸಿ ಇಟ್ಟಷ್ಟು ಅಗಲ. ಹಾಗೆ ಇಟ್ಟು ಇಟ್ಟು ಗುರುತು ಮಾಡಿದಳು, ಹಣಮಪ್ಪ ಪಟ್ಟಿ ಕತ್ತರಿಸಿದ. ಮರೂನಿನ ಸುತ್ತ ಕರಿ ಅಂಚು, ಅಂಚಿನ ಮೇಲೆ ಬಿಳಿ ದಾರದಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆಯ ಮೂರು ಸಾಲು. ಕೆಳಗೆ ಹಾಸಲು ಮನೋಜ್ ತಂದಿದ್ದ ಫೆಲ್ಟಿನ ಮೆತ್ತೆಯನ್ನು ಹೊಸ ತಗಡಿನ ಉಬ್ಬುತಗ್ಗು ನುಂಗಿಹಾಕಿದ್ದರಿಂದ, ಅದರ ಮೇಲೆ ಹಳೆಯ ಕೌದಿಯೊಂದನ್ನು ಪದರ ಪದರವಾಗಿ ಸೇರಿಸಿದಳು. ಎರಡು ಹಗಲು ಗಂಡ ಹೆಂಡತಿ ಊಟಕ್ಕೂ ಏಳದೆ ಹೊಲಿದರು. ಅಂಟಿನ ಸಲ್ಯೂಷನ್ ಹಚ್ಚಿ, ಟಿಚ್ ಬಟನ್ ಕೂರಿಸಿ, ಒಂಬತ್ತೂ ತುಂಡು ಒಳಗೆ ಕೂತಾಗ ಒಂದೆಳೆ ತಗಡು ಹೊರಗೆ ಕಾಣಲಿಲ್ಲ.

ಮನೋಜ್ ಬಂದು ನೋಡಿ ತಲೆ ಹಿಡಿದುಕೊಂಡ. "ಅಂಕಲ್! ಏನಿದು? ಕಂಬಳಿ! ಒರಿಜಿನಲ್‌ನಲ್ಲಿ ಬಾರ್ಡರ್ರೇ ಇಲ್ಲ! ನಲವತ್ತು ಪೇಜ್ ತೋರಿಸ್ಲಾ?"

"ಬಿಡಲೋ, ಚೆನ್ನಾಗೇ ಇದೆ," ಎಂದ ತಿಮ್ಮರಾಯಪ್ಪ, ಬಗ್ಗಲಾರದೆ ಬಗ್ಗಿ. "ಅಂಚಿಲ್ದೆ ಇದ್ರೆ ಪಂಚೆ ಪಂಚೆ ಆಗತ್ತೇನೋ? ಆದ್ರೆ ಹಣಮಪ್ಪ, ಮಾತು ಮಾತೇ. ಪ್ರೈಜ್ ಬರ್ಲಿಲ್ಲ ಅಂದ್ರೆ ಮಳಿಗೆ ಕೇಳ್ಬೇಡ."

ಭಾನುವಾರ ಬೆಳಿಗ್ಗೆ ಕಾರಿಗೆ ಪೂಜೆಯಾಯಿತು. ನಿಂಬೆಹಣ್ಣು, ಕುಂಬಳಕಾಯಿ, ಹಾರ. ತಿಮ್ಮರಾಯಪ್ಪ ಹೊಸ ಕಾರ್ಪೆಟ್ಟನ್ನು ನೋಡಿದ, ತನ್ನ ಚಪ್ಪಲಿಯನ್ನು ನೋಡಿದ. ಇಂಥದರ ಮೇಲೆ ಚಪ್ಪಲಿ ಕಾಲಿಡುವುದುಂಟೇ? ಗೇಟಿನ ಹತ್ತಿರ ಬಿಟ್ಟು ಹತ್ತಿದ. ಕಾರ್ಪೆಟ್ಟು ದಾರಿಯಲ್ಲಿ ಎದ್ದರೆ ಕೂರಿಸಲು ಹಣಮಪ್ಪನೂ ಜೊತೆಗೆ ಬರಬೇಕಿತ್ತು. ಅವನೂ ಬಿಟ್ಟು ಹತ್ತಿದ. ಹಾರನ್ ಹೊಡೆಯುತ್ತ, ಅಂದರೆ ಉಸಿರಾಡುತ್ತ, ತಿಮ್ಮರಾಯಪ್ಪ ಜಯನಗರ ತಲುಪಿ ಕಾರು ನಿಲ್ಲಿಸಿ ಕಾಲು ಕೆಳಗಿಟ್ಟ ಮೇಲೆಯೇ ಇಬ್ಬರಿಗೂ ಗೊತ್ತಾದದ್ದು, ಎರಡು ಜೊತೆ ಚಪ್ಪಲಿ ಸಾರಕ್ಕಿಯ ಗೇಟಿನ ಮುಂದೆ ಆರಾಮವಾಗಿ ಕೂತಿವೆ ಎಂದು.

ಮೈದಾನವೆಲ್ಲ ಟೋಪಿ, ಬೂಟು. ನಡುವೆ ಈ ಇಬ್ಬರು ಬರಿಗಾಲಲ್ಲಿ, ಹರಕೆ ಹೊತ್ತವರ ಹಾಗೆ, ಕಲ್ಲು ಚುಚ್ಚಿದಾಗಲೊಮ್ಮೆ ಕುಣಿಯುತ್ತ ನಿಂತಿದ್ದರು.

ತೀರ್ಪುಗಾರರು ಪರಮಶಿವಯ್ಯನವರು. ನಿವೃತ್ತ ಎಂಜಿನಿಯರು. ಹಳೆಯ ಕಾರುಗಳ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದು ಇಲ್ಲ ಎಂದು ಅವರೇ ಹೇಳುತ್ತಿದ್ದರು. ಅವರ ಸ್ವಂತ ಕಾರು ಹನ್ನೊಂದು ವರ್ಷದಿಂದ ಗಿರಿನಗರದ ಮನೆಯಲ್ಲಿ ಬೆಡ್‌ಶೀಟು ಹೊದ್ದು ಮಲಗಿತ್ತು. ಕೈಯಲ್ಲಿ ಭೂತಗನ್ನಡಿ, ಹಿಂದೆ ಒಂದಿಷ್ಟು ಜನ. ಪಕ್ಕದ ಕಾರಿನವರಿಗೆ, "ನಿಮ್ಮ ಈ ಸ್ಕ್ರೂ ತಲೆ ಕಾರಿಗಿಂತ ಒಂಬತ್ತು ತಿಂಗಳು ಆಮೇಲಿಂದು," ಎಂದು ಹೇಳಿ ಅವರನ್ನು ಅಳಿಸಿ ಇತ್ತ ಬಂದರು.

ಇಂಜಿನ್ನು ನೋಡಿದರು, ಬರೆದುಕೊಂಡರು. ಒಳಗೆ ಕೂರಲು ಬೂಟುಕಾಲು ಎತ್ತಿದರು.

"ಸಾರ್, ಸಾರ್, ಬೂಟು!" ಎಂದು ತಿಮ್ಮರಾಯಪ್ಪ ಅಡ್ಡ ಬಂದ.

"ವಾಟ್?"

"ಬೂಟು ಬಿಟ್ಟು ಹತ್ತಿ ಸಾರ್. ಪೂಜೆ ಆಗಿದೆ."

"ರೀ, ನಾನು ಇಪ್ಪತ್ತು ವರ್ಷದಿಂದ ಜಡ್ಜು. ಯಾರೂ ನನ್ನ ಬೂಟು ಬಿಚ್ಚಿಸಿಲ್ಲ!"

"ಅಪ್ಪಾ, ಸುಮ್ನಿರಿ," ಎಂದು ಬೈಕಿನಲ್ಲಿ ಹಿಂದೆ ಬಂದಿದ್ದ ಮನೋಜ್ ಪಿಸುಗುಟ್ಟಿದ. "ಪಾಯಿಂಟ್ಸ್ ಹೋಗತ್ತೆ."

"ಹೋದ್ರೆ ಹೋಗ್ಲಿ. ನಾನೇ ಬರಿಗಾಲಲ್ಲಿ ನಿಂತಿಲ್ವೇನೋ?" ತಿಮ್ಮರಾಯಪ್ಪ ತನ್ನ ಧೂಳು ಹಿಡಿದ ಪಾದಗಳನ್ನು ತೋರಿಸಿದ. ಹಣಮಪ್ಪನ ಜೀವ ಹಾರಿಹೋಯಿತು. ಇಷ್ಟು ಹೊಲಿದು ಮಳಿಗೆ ಒಂದು ಜೊತೆ ಬೂಟಿಗೆ ಹೋಗುತ್ತದಲ್ಲ!

ಪರಮಶಿವಯ್ಯನವರು ಆ ನಾಲ್ಕು ಬರಿಗಾಲುಗಳನ್ನು ನೋಡಿದರು. ಇಷ್ಟು ಭಕ್ತಿ ಇವರಿಗಿರಬೇಕಾದರೆ ಕಾರಿನಲ್ಲಿ ಏನೋ ಇರಬೇಕೆಂದು ಅನ್ನಿಸಿತೋ, ಸುತ್ತ ಜನ ಸೇರಿದ್ದರಿಂದ ಜಗಳ ಬೇಡವೆನ್ನಿಸಿತೋ, ಗೊಣಗುತ್ತ ಲೇಸು ಬಿಚ್ಚಿದರು. ಎಡಗಾಲಿನ ಕಾಲುಚೀಲದಲ್ಲಿ ತೂತು. ಹೆಬ್ಬೆರಳು ಹೊರಗೆ ಬಂದು ಮೈದಾನವನ್ನೆಲ್ಲ ನೋಡುತ್ತಿತ್ತು. ಅದನ್ನು ಬೇಗ ಮರೆಮಾಡಲು ಕಾರಿನೊಳಗೆ ಕಾಲಿಳಿಸಿದರು.

ಇಳಿಸಿದವರು ಹಾಗೇ ಸೀಟಿಗೆ ಒರಗಿದರು. ಹೆಬ್ಬೆರಳು ಅಂಚಿನ ಮೇಲಿತ್ತು, ಪಾದ ಕೌದಿಯ ಮೆತ್ತೆಯ ಮೇಲಿತ್ತು. ಎಪ್ಪತ್ತು ವರ್ಷದ ಕಾಲು ಪಾಪ, ಬೆಳಗಿನಿಂದ ಮೈದಾನ ಸುತ್ತಿತ್ತು. ಕಣ್ಣು ತಾನಾಗಿ ಮುಚ್ಚಿತು. ಹಿಂದಿದ್ದವರು ಐದು ನಿಮಿಷ ಕಾದರು.

"ಈ ಬಾರ್ಡರ್..." ಎಂದು ಕಣ್ಣು ತೆರೆದರು. ಬಗ್ಗಿ ಭೂತಗನ್ನಡಿ ಹಿಡಿದರು. ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ಹಿಂದೆ ಹನ್ನೆರಡು ಜನ ಪೆನ್ನು ಹಿಡಿದು ನಿಂತಿದ್ದರು. ಗೊತ್ತಿಲ್ಲ ಎಂಬ ಮಾತು ಅವರ ಗಂಟಲಿಗೆ ಅಭ್ಯಾಸವಿರಲಿಲ್ಲ. "ಆಹಾ. ನೋಡಿದ್ರಾ? ಯಾರ್ಕ್‌ಶೈರ್ ಉಣ್ಣೆ. ಹ್ಯಾಂಡ್ ಸ್ಟಿಚ್. ಕಂಪನಿಯವರು ಕೆಲವೇ ಕಾರಿಗೆ ಇದನ್ನ ಹಾಕಿದ್ದು. ನಾನು ಓದಿದ್ದೆ, ಇವತ್ತು ಕಣ್ಣಾರೆ ನೋಡಿದೆ."

ಮನೋಜನ ಕೈಯಿಂದ ನಲವತ್ತು ಹಾಳೆ ಜಾರಿ ಬಿದ್ದವು.

ಹಣಮಪ್ಪನಿಗೆ ತಡೆಯಲಾಗಲಿಲ್ಲ. ಮಳಿಗೆ ಬೇಕು ನಿಜ, ಆದರೆ ಊರ ಕುರಿಗೆ ಇಂಗ್ಲೆಂಡಿನ ಹೆಸರಿಡುವುದೇ? "ಸಾಹೇಬ್ರ, ಅದು ನಮ್ಮ ಕಡೆ ಕಂಬಳಿರೀ. ಕಾರ್ಪೆಟ್ಟು ಕಡಿಮಿ ಬಿತ್ತು, ಅದಕ್ಕ ಹಚ್ಚೀವ್ರಿ."

ಪರಮಶಿವಯ್ಯನವರು ಅವನನ್ನು ಕರುಣೆಯಿಂದ ನೋಡಿದರು. "ಕಂಪನಿಯವರಿಗೂ ಕಡಿಮೆ ಬಿದ್ದಿತ್ತು ಕಣಯ್ಯ, ಅದಕ್ಕೇ ಬಾರ್ಡರ್ ಹಾಕಿದ್ದು. ನಿನಗೇನ್ ಗೊತ್ತು?"

"ಅಲ್ರೀ ಸಾಹೇಬ್ರ..."

ತಿಮ್ಮರಾಯಪ್ಪ ಬರಿಗಾಲಲ್ಲೇ ಹಣಮಪ್ಪನ ಪಾದ ತುಳಿದ. "ನಮ್ಮೋನು, ಮುಗ್ಧ ಸಾರ್. ಬರ್ಕೊಳಿ ನೀವು."

ಒಳಾಂಗಣಕ್ಕೆ ಮೊದಲ ಬಹುಮಾನ ಬಂತು. ಟಿ.ವಿ. ಮೇಲೆ ಕಪ್ಪು ಕೂತಿತು. ಮರಿಯಮ್ಮ ಸಾರಕ್ಕಿಯ ಮನೆ ಮನೆಗೂ ಹೋಗಿ, "ನಾನು ಒಗೆದುಕೊಟ್ಟಿದ್ದಕ್ಕೇ ಬಂದಿದ್ದು ಪ್ರೈಜು," ಎಂದು ಹೇಳಿಕೊಂಡು ಬಂದಳು. ಆ ವರ್ಷ ಸಾರಕ್ಕಿಯಲ್ಲಿ ಯಾರಾದರೂ ಪೂರ್ತಿ ನಿಜ ಹೇಳಿದ್ದರೆ ಅದು ಇದೊಂದೇ.

ಕಾಂಪ್ಲೆಕ್ಸ್ ಎದ್ದಿತು. ತಿಮ್ಮರಾಯಪ್ಪ ಮಾತಿಗೆ ತಪ್ಪಲಿಲ್ಲ. ಮುಂದಿನ ಮಳಿಗೆ ಸಿದ್ಧಾರೂಢ ಕುಶನ್ ವರ್ಕ್ಸಿಗೇ ಬಂತು, ಮೊಬೈಲಿನವನು ಎಳನೀರಿನ ಲೆಕ್ಕ ಮರೆತು ಮೊದಲನೇ ಮಹಡಿ ಹತ್ತಿದ. ಒಂದು ಇಂಚು ಬಿಡದೆ ರಸ್ತೆಯವರೆಗೂ ಕಟ್ಟಿದ್ದರಿಂದ ಕಾರಿನ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಮಾತ್ರ ಜಾಗವಿರಲಿಲ್ಲ. ನೆಲಕ್ಕೆ ಮಿರಮಿರ ಹೊಳೆಯುವ ಟೈಲ್ಸು. ಆಟೋದವರು ಹುಡ್ಡು ಹೊಲಿಸಲು ಬಂದರೂ ಚಪ್ಪಲಿ ಹೊರಗೆ ಬಿಡಬೇಕಿತ್ತು.

ಆಮೇಲೆ ಶುರುವಾಯಿತು ನೋಡಿ. ಪರಮಶಿವಯ್ಯನವರು ತಮ್ಮ ಹಳೆಯ ಕಾರುಗಳ ಸಂಘದ ಪುಸ್ತಿಕೆಯಲ್ಲಿ ಮೂರು ಪುಟ ಬರೆದರು, ಅಂಚಿನ ಅಗಲ ಸರಿಯಾಗಿ ಮೂರು ಇಂಚು ಎಂದು. ಸದಾಶಿವನಗರದಿಂದ, ಕೋರಮಂಗಲದಿಂದ ಹಳೆಯ ಕಾರುಗಳು ಸಾರಕ್ಕಿ ಹುಡುಕಿಕೊಂಡು ಬಂದವು. ಎಲ್ಲರಿಗೂ ಅದೇ ಒರಿಜಿನಲ್ ಅಂಚು ಬೇಕು. ಹಣಮಪ್ಪ ಸರಿಯಾದ ಅಳತೆಯ ಕಾರ್ಪೆಟ್ಟನ್ನು ಬೇಕೆಂದೇ ಸುತ್ತಲೂ ಮೂರು ಬೆರಳು ಕಡಿಮೆ ಕತ್ತರಿಸಿ, ಕಂಬಳಿ ಹಚ್ಚತೊಡಗಿದ. ಊರಿನಿಂದ ವರ್ಷಕ್ಕೆರಡು ಸಲ ಬಸ್ಸಿನ ಮೇಲೆ ಕಂಬಳಿ ಬರುತ್ತಿತ್ತು. ಅವನು ಮೊದಮೊದಲು ಎಲ್ಲರಿಗೂ ನಿಜ ಹೇಳುತ್ತಿದ್ದ. ಕಸುಬಿನ ಗುಟ್ಟು ಬಿಟ್ಟುಕೊಡಲು ಒಲ್ಲದೆ ಸುಳ್ಳು ಹೇಳುತ್ತಾನೆಂದು ಅವರು ನಕ್ಕು ಬೆನ್ನು ತಟ್ಟುತ್ತಿದ್ದರು. ಕೊನೆಗೆ ಹೇಳುವುದನ್ನೇ ಬಿಟ್ಟ.

ಎರಡು ಸಾವಿರದ ಏಳರಲ್ಲಿ ತಂಗೆವ್ವ ಮಗಳ ಬಾಣಂತನಕ್ಕೆಂದು ಊರಿಗೆ ಹೋದಾಗ ಒಂದು ಕಾರು ಬಂತು. ಹಣಮಪ್ಪ ಅಂಚಿನ ಅಳತೆಯನ್ನು ತಾನೇ ತೆಗೆದು, ತಾನೇ ಹೊಲಿದು ಕೊಟ್ಟ. ತಿಂಗಳು ಬಿಟ್ಟು ಆ ಕಾರಿನ ಯಜಮಾನ ಸ್ಟೀಲ್ ಸ್ಕೇಲು, ಪುಸ್ತಿಕೆ ಎರಡನ್ನೂ ಹಿಡಿದು, ಚಪ್ಪಲಿ ಹೊರಗೆ ಬಿಟ್ಟು, ಬಿರುಗಾಳಿಯ ಹಾಗೆ ಒಳಗೆ ಬಂದ. ಕೈಯಲ್ಲಿ ಕಾರ್ಪೆಟ್ಟಿನ ಒಂದು ತುಂಡು.

"ಏನ್ರೀ ಇದು? ಮೂರೂವರೆ ಇಂಚು ಬಂದಿದೆ! ಒರಿಜಿನಲ್ ಮೂರೇ ಇಂಚು. ಅರ್ಧ ಇಂಚು ಜಾಸ್ತಿ. ಜಡ್ಜು ಫೇಲ್ ಮಾಡ್ತಾರೆ!"

ಹಣಮಪ್ಪ ತನ್ನ ಕೈ ನೋಡಿಕೊಂಡ. ದಪ್ಪ ಬೆರಳುಗಳು. ಹಿಂದಕ್ಕೆ ತಿರುಗಿ ಕೂಗಿದ, "ತಂಗೆವ್ವಾ, ಇಲ್ಲಿ ಬಾ ಒಂದೀಟು."

ಆ ದಿನ ಬೆಳಿಗ್ಗೆಯಷ್ಟೇ ಊರಿನಿಂದ ಬಂದಿದ್ದ ತಂಗೆವ್ವ, ಬುತ್ತಿ ಬಿಚ್ಚುತ್ತಿದ್ದವಳು, ಕೈ ಒರೆಸಿಕೊಂಡು ಬಂದಳು. ಬಲಗೈಯ ನಾಲ್ಕು ಬೆರಳು ಜೋಡಿಸಿ ಅಂಚಿನ ಮೇಲಿಟ್ಟಳು. ಬೆರಳು ಮುಗಿದ ಮೇಲೂ ಕಂಬಳಿ ಒಂದೆಳೆ ಹೊರಗೆ ಇಣುಕುತ್ತಿತ್ತು.

"ಹೌದ್ರಿ, ಜಾಸ್ತಿ ಆಗೇತಿ," ಎಂದಳು. "ನಾನಿರ್ಲಿಲ್ಲ, ಇವರು ತಮ್ಮ ಬೆರಳಿಟ್ಟು ಹೊಲದಾರ. ಬಿಟ್ಟು ಹೋಗ್ರಿ, ಬಿಚ್ಚಿ ಹೊಲೀತೀನಿ."

ಆ ಮನುಷ್ಯ ಸ್ಕೇಲನ್ನೂ ಅವಳ ಕೈಯನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದ. ಸರಿಯಾಗಿ ಮೂರು ಇಂಚು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಇವರು ಯಾರ್ರೀ?" ಎಂದ.

ಹಣಮಪ್ಪ ಸೂಜಿಗೆ ದಾರ ಪೋಣಿಸಿ ಹೆಂಡತಿಯ ಕೈಗೆ ಕೊಟ್ಟ.

"ಇವರಽ ನೋಡ್ರಿ," ಎಂದ, "ಕಂಪನಿಯವರು."